ಸಿಲಿಂಡರಿನ ತಳದ ಬೂದಿ

ಧರ್ಮಣ್ಣ ತಂದ ದಾಳಿಂಬೆಯ ಪೆಟ್ಟಿಗೆಯನ್ನು ನಾನು ಕೈಯಿಂದ ಮುಟ್ಟಲಿಲ್ಲ. ಕಾಲಿನಿಂದ ಬಾಗಿಲ ಮೂಲೆಗೆ ತಳ್ಳಿದೆ. ಮನೆಗೆ ಬಂದವರ ಹಣ್ಣನ್ನು ಕಾಲಿಂದ ತಳ್ಳಬಾರದು ಅನ್ನುವುದು ನನಗೂ ಗೊತ್ತು, ನನ್ನ ಅವ್ವ ಕಲಿಸಿದ್ದಾಳೆ. ಆದರೆ ಆ ಮನುಷ್ಯನ ಕೈ ತಾಗಿದ ಯಾವುದನ್ನು ಕಂಡರೂ ಅವತ್ತು ನನಗೆ ಗಟಾರದ ನೀರು ಕಂಡಷ್ಟು ಹೇಸಿಗೆ.

"ಸಟಾಣಾದ ತೋಟದ್ದವ ಅಕ್ಕಾರ, ಭಾಳ ಸಿಹಿ ಅವ. ರೂಪಾಗ ರಕ್ತ ಹೆಚ್ಚಾಗ್ತದ ನೋಡ್ರಿ," ಎಂದ.

ಥೂ! ನನ್ನ ಮಗಳ ಕಣ್ಣು ಕಳೆದವನು ರಕ್ತ ಕೊಡಲು ಬಂದಿದ್ದಾನೆ.

ಆದರೆ ಇದನ್ನು ಮೊದಲಿನಿಂದ ಹೇಳಬೇಕು, ಇಲ್ಲದಿದ್ದರೆ ಈ ಚನ್ನಮ್ಮನಿಗೆ ಬಾಯಿ ಜೋರು, ಬುದ್ಧಿ ಕಮ್ಮಿ ಅಂತ ನೀವೂ ಅಂದುಬಿಡುತ್ತೀರಿ. ಬಾಯಿ ಜೋರೇ. ಬುದ್ಧಿಯ ವಿಷಯ ಕೊನೆಗೆ ನೋಡೋಣ.

ನಾವು ಬೀದರ ಜಿಲ್ಲೆಯ ಭಾಲ್ಕಿ ಕಡೆಯವರು. ಸಂಭಾಜಿನಗರಕ್ಕೆ ಬಂದು ಇಪ್ಪತ್ತೆಂಟು ವರ್ಷವಾಯಿತು. ನಮ್ಮ ಯಜಮಾನರು ಮನ್ಮಥಪ್ಪನವರು ವಾಳೂಜಿನ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಾರೆ. ಒಬ್ಬಳೇ ಮಗಳು ರೂಪಾ. ಮದುವೆಯಾಗಿ ನಾಸಿಕಕ್ಕೆ ಹೋದಳು, ಅಲ್ಲಿ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ. ದಿನವಿಡೀ ಸೂಕ್ಷ್ಮದರ್ಶಕದ ಮೇಲೆ ಬಗ್ಗಿ, ನಮ್ಮ ಕಣ್ಣಿಗೆ ಬೀಳದ್ದನ್ನೆಲ್ಲ ಎಣಿಸುವವಳು. ಅಳಿಯ ಸಂಗಮನಾಥ ಒಳ್ಳೆಯವನು. ಒಳ್ಳೆಯವನು ಅಂದರೆ ಜಗಳಕ್ಕೆ ಹೆದರುವವನು.

ಹೋದ ಸೆಪ್ಟೆಂಬರಿನಲ್ಲಿ ಅವರು ನಾಸಿಕದಲ್ಲಿ ಹೊಸ ಫ್ಲಾಟು ಹಿಡಿದರು. ಗೃಹಪ್ರವೇಶಕ್ಕೆ ತವರಿನಿಂದ ಏನಾದರೂ ಒಯ್ಯಬೇಕಲ್ಲ. ಎಲ್ಲರೂ ಬೆಳ್ಳಿ ಬಟ್ಟಲು ಅಂದರು. ನನ್ನ ಮಗಳೋ ಎಣ್ಣೆ ಒಲೆಯ ಮೇಲಿಟ್ಟು ಬಾಲ್ಕನಿಯಲ್ಲಿ ಫೋನು ಹಿಡಿದು ನಿಲ್ಲುವವಳು. ಬೆಳ್ಳಿ ಬಟ್ಟಲು ಬೆಂಕಿ ಆರಿಸುತ್ತದೆಯೇ? ಅಡುಗೆಮನೆಯಲ್ಲಿ ತೂಗುಹಾಕುವ ಚಿಕ್ಕ ಕೆಂಪು ಸಿಲಿಂಡರು ಸಿಗುತ್ತದಲ್ಲ, ಪಿನ್ನು ಎಳೆದು ಹಿಡಿಕೆ ಒತ್ತಿದರೆ ಪುಡಿ ಉಗುಳಿ ಬೆಂಕಿ ಆರಿಸುವಂಥದ್ದು, ಅದನ್ನೇ ಕೊಡುತ್ತೇನೆಂದೆ. ಜಾಣತನ ಮಾಡಿದೆ ಅಂತ ಊರೆಲ್ಲ ಹೇಳಿಕೊಂಡು ತಿರುಗಿದೆ. ಪಕ್ಕದ ಓಣಿಯ ರೇಣವ್ವನಿಗೂ ಹೇಳಿದೆ, ಅವಳೂ ಒಂದು ತಂದಳು.

ತಂದದ್ದು ಧರ್ಮಣ್ಣನ ಅಂಗಡಿಯಿಂದ. ಒಲೆ, ಕುಕ್ಕರು, ರೆಗ್ಯುಲೇಟರು ಮಾರುವ ಅಂಗಡಿ. ಅವನು ಹುಮನಾಬಾದ ಕಡೆಯವನು. ಇಡೀ ಬಜಾರಿನಲ್ಲಿ ಮರಾಠಿ, ಹಿಂದಿ ಕೇಳಿ ಕೇಳಿ ದಣಿದ ಕಿವಿಗೆ ಅವನ ಅಂಗಡಿಯಲ್ಲಿ "ಬರ್ರಿ ಅಕ್ಕಾರ, ಚಾ ತರಿಸ್ಲೇನು?" ಅಂತ ಕೇಳಿದರೆ ತಂಪು. ಹಾಗಾಗಿ ನಮ್ಮ ಜನ ಅಲ್ಲಿಗೇ ಹೋಗುವುದು, ಮತ್ತು ನಮ್ಮ ಜನ ಅಲ್ಲಿ ಬಿಲ್ಲು ಕೇಳುವುದಿಲ್ಲ. ನಮ್ಮವರ ಹತ್ತಿರ ಬಿಲ್ಲು ಕೇಳುವುದೆಂದರೆ ಊಟಕ್ಕೆ ಕರೆದವರ ಮನೆಯಲ್ಲಿ ಕುಳಿತು ಅನ್ನದಲ್ಲಿ ಕಲ್ಲು ಹುಡುಕಿದ ಹಾಗೆ. ನಾನೂ ಕೇಳಲಿಲ್ಲ. ಫೋನಿನಿಂದ ದುಡ್ಡು ಹಾಕಿ, ಚಹಾ ಕುಡಿದು, ಅವನ ಹೆಂಡತಿಯ ಮಂಡಿನೋವು ವಿಚಾರಿಸಿ ಬಂದೆ.

ಅಕ್ಟೋಬರಿನಲ್ಲಿ ಖಂಡೇನವಮಿಗೆ ಮಗಳ ಮನೆಯಲ್ಲಿದ್ದೆ. ಅವತ್ತು ನಮ್ಮಲ್ಲಿ ಮನೆಯ ಕಬ್ಬಿಣ, ಹಿತ್ತಾಳೆ, ಯಂತ್ರ ಎಲ್ಲವನ್ನೂ ತೊಳೆದು ಪೂಜೆಗೆ ಇಡುತ್ತಾರೆ. ಮಿಕ್ಸರು, ಈಳಿಗೆ, ಅಳಿಯನ ಬೈಕಿನ ನಟ್ಟು ತಿರುಗಿಸುವ ಪಾನಾ, ಎಲ್ಲದರ ಜೊತೆ ಆ ಕೆಂಪು ಸಿಲಿಂಡರನ್ನೂ ಇಳಿಸಿದೆ. ಮನೆ ಕಾಯುವ ಆಯುಧವಲ್ಲವೇ ಅದು! ಬುಟ್ಟಿಯಲ್ಲಿ ಬೋರಲು ನಿಲ್ಲಿಸಿ, ಹುಣಸೆಹಣ್ಣು, ಸಗಣಿ ಕುಳ್ಳಿನ ಬೂದಿ ಹಾಕಿ ತಿಕ್ಕಿದೆ. ಪಾತ್ರೆ ತೊಳೆದದ್ದು ತಳ ನೋಡಿದರೆ ಗೊತ್ತಾಗುತ್ತದೆ ಅಂತ ನಮ್ಮವ್ವ ಹೇಳುತ್ತಿದ್ದಳು, ಅದಕ್ಕೇ ತಳಕ್ಕೆ ಇನ್ನಷ್ಟು ಬೂದಿ. ಮೈಮೇಲೆ ಒಂದು ಸ್ಟಿಕ್ಕರು ಇತ್ತು, ನೆನೆದು ಅರ್ಧ ಎದ್ದಿತ್ತು. ಅಸಹ್ಯ ಕಾಣುತ್ತದೆಂದು ಉಗುರಿನಿಂದ ಕೆರೆದು ತೆಗೆದೆ. ಆಮೇಲೆ ವಿಭೂತಿಯ ಮೂರು ಪಟ್ಟೆ ಎಳೆದು ಕೈಮುಗಿದೆ. ಮಗಳನ್ನು ಕಾಯಪ್ಪಾ ಅಂದೆ.

ಕಾಯ್ದದ್ದು ಹೀಗೆ. ಸಂಕ್ರಾಂತಿಯ ಮರುದಿನ ರೂಪಾ ಭಜಿ ಕರಿಯುತ್ತಿದ್ದಳು. ಫೋನಿನಲ್ಲೇನೂ ಇರಲಿಲ್ಲ, ಒಲೆಯ ಮುಂದೆಯೇ ಇದ್ದಳು. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿತು. ಇವಳು ಗಾಬರಿಯಾಗದೆ ಸಿಲಿಂಡರು ಇಳಿಸಿ, ಪಿನ್ನು ಎಳೆದು, ಹಿಡಿಕೆ ಒತ್ತಿದಳು. ಪುಡಿ ಬರಲಿಲ್ಲ. ಪ್ಲಾಸ್ಟಿಕ್ಕಿನ ತಲೆಯೇ ಒಡೆದು ಗುಂಡಿನಂತೆ ಹಾರಿ ಎಡಗಣ್ಣಿಗೆ ಬಡಿಯಿತು. ಬೆಂಕಿಯನ್ನು ಪಕ್ಕದ ಮನೆಯಾಕೆ ಓಡಿಬಂದು ಹಿಟ್ಟು ನಾದುವ ಒಂದು ಪರಾತ ಮುಚ್ಚಿ ಆರಿಸಿದಳು. ಒಂದು ಪರಾತ! ನಾನು ಬೆಳ್ಳಿ ಬಟ್ಟಲನ್ನೇ ಒಯ್ದಿದ್ದರೆ ನನ್ನ ಮಗಳಿಗೆ ಎರಡು ಕಣ್ಣಿರುತ್ತಿದ್ದವು.

ಎಡಗಣ್ಣು ಉಳಿಯಲಿಲ್ಲ.

ಆದರೆ ನನ್ನನ್ನು ಸುಟ್ಟದ್ದು ಅದಷ್ಟೇ ಅಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, "ಹೇಗೆ ಒತ್ತಿದಿರಿ?" ನೋಡಲು ಬಂದವರೆಲ್ಲ ಕೇಳಿದರು, "ಹ್ಯಾಂಗ್ ಒತ್ತಿದ್ಯವ್ವಾ?" ಅಳಿಯನೂ ಕೇಳಿದ, ಒಂದು ಸಲವಲ್ಲ, ಹತ್ತು ಸಲ, ಹಣೆ ಹಿಡಿದುಕೊಂಡು, "ಖರೆ ಹೇಳು ರೂಪಾ, ನೀ ಹ್ಯಾಂಗ್ ಒತ್ತಿದಿ?" ಮೊದಮೊದಲು ಅವಳು ವಿವರವಾಗಿ ಹೇಳುತ್ತಿದ್ದಳು. ಆಮೇಲೆ ಚಿಕ್ಕದಾಗಿ. ಫೆಬ್ರುವರಿಯ ಹೊತ್ತಿಗೆ, "ನಂದೇ ಏನೋ ತಪ್ಪಾಗಿರ್ಬೇಕು," ಅಂತ ಗೋಡೆಗೆ ಮುಖ ಮಾಡಿ ಮಲಗುವುದಕ್ಕೆ ಶುರುಮಾಡಿದಳು. ಲ್ಯಾಬಿನವರು ಬಾ ಅಂದರೂ ಹೋಗಲಿಲ್ಲ. ಒತ್ತಲು ಬಾರದವಳು ರಕ್ತ ಏನು ನೋಡುತ್ತಾಳೆ ಅನ್ನುತ್ತಿದ್ದಳು. ಕಣ್ಣು ಹೋದದ್ದಕ್ಕೆ ಅವಳು ಅತ್ತದ್ದನ್ನು ನಾನು ತಡೆದುಕೊಂಡೆ. ಇದನ್ನು ತಡೆದುಕೊಳ್ಳಲಾಗಲಿಲ್ಲ.

ನಮ್ಮ ಮನೆಯ ಹತ್ತಿರ ನಿರುಪಮಾ ಎಂಬ ವಕೀಲೆ ಇದ್ದಾಳೆ. ಕುಂದಾಪುರದ ಹೋಟೆಲಿನವರ ಮಗಳು, ಹುಟ್ಟಿ ಬೆಳೆದದ್ದು ಸಂಭಾಜಿನಗರದಲ್ಲೇ. ಅವಳ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವಳು ಫೋನಿನಲ್ಲಿ ಏನೇನೋ ಹುಡುಕಿ, ಮುಖ ಸಿಂಡರಿಸಿ, ನನ್ನ ಮುಂದೆ ಹಿಡಿದಳು. ಕಂಪನಿಯದೇ ಪ್ರಕಟಣೆ, ಜುಲೈ ತಿಂಗಳದ್ದು. ಈ ಸಿಲಿಂಡರಿನ ಪ್ಲಾಸ್ಟಿಕ್ ತಲೆ ಒತ್ತಡಕ್ಕೆ ಒಡೆದು ಹಾರಬಹುದು, ಬಳಸಬೇಡಿ, ಇಂತಿಷ್ಟರಿಂದ ಇಂತಿಷ್ಟು ನಂಬರಿನವನ್ನು ವಾಪಸು ತೆಗೆದುಕೊಳ್ಳುತ್ತಿದ್ದೇವೆ, ಮಾರುವವರಿಗೆಲ್ಲ ಪತ್ರ ಕಳಿಸಿದ್ದೇವೆ ಅಂತ. ಅದೂ ಇಂಗ್ಲಿಷಿನಲ್ಲಿ, ವೆಬ್‌ಸೈಟಿನ ಯಾವುದೋ ಮೂಲೆಯಲ್ಲಿ. ನಾನು ದಿನಾ ಬೆಳಗ್ಗೆ ಎದ್ದು ತುಳಸಿಯ ಬದಲು ಆ ವೆಬ್‌ಸೈಟಿಗೆ ನೀರು ಹಾಕಬೇಕಿತ್ತೋ ಏನೋ.

ಕಂಪನಿಗೆ ಬರೆದೆವು. ನಂಬರಿರುವ ಸ್ಟಿಕ್ಕರಿನ ಫೋಟೋ ಕಳಿಸಿ ಅಂದರು. ಸ್ಟಿಕ್ಕರು ಎಲ್ಲಿದೆ? ನನ್ನ ಉಗುರಿನ ಸಂದಿನಲ್ಲಿ ಹೋಯಿತು. ನಂಬರಿಲ್ಲದೆ ಏನೂ ಹೇಳಲಾಗದು, ಹಿಡಿಕೆಯನ್ನು ತಪ್ಪಾಗಿ ಒತ್ತಿದ್ದರಿಂದ ಹೀಗಾಗಿರಬಹುದು, ಆದರೂ ನಮ್ಮ ಸದ್ಭಾವನೆಯ ಗುರುತಾಗಿ ಹೊಸ ಸಿಲಿಂಡರಿನ ಮೇಲೆ ಮೂವತ್ತು ಪ್ರತಿಶತ ರಿಯಾಯಿತಿಯ ಕೂಪನ್ನು ಕಳಿಸುತ್ತಿದ್ದೇವೆ ಎಂದು ಉತ್ತರ ಬಂತು. ಕೂಪನ್ನಿನ ಮೇಲೆ ನಗುತ್ತಿರುವ ಒಂದು ಸಂಸಾರದ ಚಿತ್ರ. ಗಂಡ, ಹೆಂಡತಿ, ಮಗು, ಎಲ್ಲರಿಗೂ ಎರಡೆರಡು ಕಣ್ಣು.

"ಆಂಟಿ, ಟೆನ್ಷನ್ ನಕೋ," ಎಂದಳು ನಿರುಪಮಾ. ಅವಳ ಕನ್ನಡ ಹಾಗೆಯೇ, ಅರ್ಧ ದಾರಿಗೆ ಮರಾಠಿ ಹತ್ತಿಕೊಳ್ಳುತ್ತದೆ. "ಗ್ರಾಹಕ ಆಯೋಗ ಇದೆಯಲ್ಲ, ನಾಸಿಕದಲ್ಲೇ ರೂಪಾ ಕೇಸ್ ಹಾಕ್ಬಹುದು. ಅವ್ಳು ಇರೋ ಊರಲ್ಲೇ ಚಾಲ್ತೆ, ನಡೆಯತ್ತೆ. ನೀವು ಗಿಫ್ಟ್ ಕೊಟ್ಟಿದ್ದು ಅಂದ್ರೂ ಚಾಲ್ತೆ, ಯೂಸ್ ಮಾಡಿದವ್ಳೂ ಗ್ರಾಹಕಳೇ. ಬಿಲ್ ಇಲ್ಲ? ಫೋನಿಂದ ದುಡ್ಡು ಹಾಕಿದ ಮೆಸೇಜ್ ಇದೆ, ತಾರೀಖು ಇದೆ. ಕಂಪನಿ ಮೇಲೂ ಹಾಕೋಣ, ಅಂಗಡಿ ಮೇಲೂ. ಎಚ್ಚರಿಕೆ ಬಂದಮೇಲೂ ಹೇಳ್ದೆ ಮಾರಿದ್ರೆ ಅವ್ನೂ ಜಿಮ್ಮೇದಾರ್. ಎರಡು ವರ್ಷದ ಒಳಗೆ ಹಾಕ್ಬೇಕು, ಅಷ್ಟೆ. ಆದ್ರೆ ಆ ಸಿಲಿಂಡರ್ ಯಾರಿಗೂ ಕೊಡ್ಬೇಡಿ. ಯಾವ ಕಾಗದಕ್ಕೂ ಸೈನ್ ನಕೋ. ಸುತ್ತಿ ಇಡಿ, ಮುಟ್ಟಲೂ ಬೇಡಿ."

"ನಂಬರು?"

"ನಂಬರ್ ಇದ್ದಿದ್ರೆ ಭಾರಿ ಆಗ್ತಿತ್ತು," ಎಂದಳು. ನಾನು ನನ್ನ ಉಗುರು ನೋಡಿಕೊಂಡೆ.

ನಾಸಿಕಕ್ಕೆ ಹೋಗಿ ಸಿಲಿಂಡರನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆ. ನಮ್ಮ ಯಜಮಾನರ ಬಾಯಿಗೆ ಬೀಗವಿಲ್ಲ, ಬಜಾರಿನಲ್ಲಿ ಸಿಕ್ಕ ಧರ್ಮಣ್ಣನಿಗೆ ಕೇಸಿನ ಸುದ್ದಿ ಹೇಳಿಬಿಟ್ಟರು. ಮುಂದಿನ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಅವನು ನಾಸಿಕದ ಫ್ಲಾಟಿನ ಬಾಗಿಲಲ್ಲಿದ್ದ. ಅಂಗಡಿಯಿಂದ ಚಹಾ ಗಾಡಿಯವರೆಗೂ ನಡೆಯದ ಮನುಷ್ಯ ನಾಲ್ಕು ತಾಸು ಕಾರಿನಲ್ಲಿ ಬಂದಿದ್ದ, ಆ ದಾಳಿಂಬೆ ಹೊತ್ತು.

"ಹುಡ್ಗಿ ಸುದ್ದಿ ಕೇಳಿ ಮೂರು ದಿನ ನನಗ ಊಟ ಸೇರಿಲ್ಲ ಅಕ್ಕಾರ," ಎಂದ. ಊಟ ಸೇರದ ಹೊಟ್ಟೆ ಮೇಜಿಗೆ ತಾಗುತ್ತಿತ್ತು. ಕಿಸೆಯಿಂದ ಒಂದು ಕಾಗದ ತೆಗೆದ. "ಕಂಪನೀಯವ್ರ ಜೋಡಿ ನಾನೇ ಮಾತಾಡೀನಿ. ಒಡದ್ ಸಿಲಿಂಡರ್ ವಾಪಸ್ ಕೊಟ್ರ ದವಾಖಾನಿ ಖರ್ಚಿಗಿ ಏನರ ಕೊಡಸ್ತೀನಿ. ಇಲ್ಲಿ ಒಂದ್ ಸಹಿ. ನಮ್ ನಮ್ಮೊಳಗ ಕೋರ್ಟು ಕಚೇರಿ ಯಾಕ್ರೀ? ಮಂದಿ ನಗ್ತಾರ."

ಅಳಿಯ ನನ್ನ ಕಡೆ ನೋಡಿದ. "ಅತ್ತಿ, ನಂಬರಂತೂ ಇಲ್ಲ. ಕೇಸ್ ಹಾಕಿದ್ರ ಅವ್ರು ರೂಪಾನ್ನೇ ನಿಲ್ಸಿ, ಹ್ಯಾಂಗ್ ಒತ್ತಿದಿ ಹ್ಯಾಂಗ್ ಒತ್ತಿದಿ ಅಂತ ಕೇಳ್ತಾರ. ಕೊಟ್ಟುಬಿಡಮು."

ರೂಪಾ ಕಪ್ಪು ಕನ್ನಡಕ ಹಾಕಿಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತಿದ್ದಳು. ನನಗೆ ಬೈಯಬೇಕಿತ್ತು, ಬಾಯಿ ಬರಲಿಲ್ಲ. ನಂಬರು ಕೆರೆದವಳು ನಾನೇ. ತಂದವಳೂ ನಾನೇ. ಯಾವ ಮುಖದಿಂದ ಬೇಡ ಅನ್ನಲಿ? ಸ್ಟೂಲು ಹತ್ತಿ ಗೋಣಿಚೀಲವನ್ನು ನಾನೇ ಇಳಿಸಿ ಅವನ ಮುಂದೆ ಇಟ್ಟೆ. ನನ್ನ ಮೇಲೇ ನನಗೆ ಅಷ್ಟು ಹೇಸಿಗೆ ಎಂದೂ ಆಗಿರಲಿಲ್ಲ.

ಧರ್ಮಣ್ಣ ಚೀಲ ಬಿಚ್ಚಿದ. ಒಡೆದ ತಲೆ ಮೇಲೇ ಇತ್ತು, ಅದರ ಅಂಚಿನಲ್ಲಿ ಕಪ್ಪಗೆ ಒಣಗಿದ ರಕ್ತವೂ ಇತ್ತು. ಅದನ್ನು ಅವನು ನೋಡಲಿಲ್ಲ. ಕನ್ನಡಕ ಹಾಕಿಕೊಂಡು, ಸಿಲಿಂಡರನ್ನು ಬೋರಲು ಮಾಡಿ, ತಳ ನೋಡಿದ. ಒಂದು ಕ್ಷಣ ಅಷ್ಟೇ. ಹೆಬ್ಬೆರಳಿನಿಂದ ಉಜ್ಜಿದ. ಆಮೇಲೆ ಅವಸರದಲ್ಲಿ ಚೀಲ ಸುತ್ತತೊಡಗಿದ.

"ಕಾಕಾ," ಎಂದಳು ರೂಪಾ. ಎರಡು ತಿಂಗಳಲ್ಲಿ ಅವಳ ದನಿ ಅಷ್ಟು ಗಟ್ಟಿಯಾಗಿ ಕೇಳಿರಲಿಲ್ಲ. "ಒಡದಿದ್ದು ಮ್ಯಾಲ. ನೀವು ತಳಾ ಯಾಕ ನೋಡಿದ್ರಿ?"

"ಎಲ್ಲಿ ನೋಡಿದ್ನವ್ವಾ? ಸುಮ್ನ ಹಿಡ್ಕೊಂಡೆ. ಅಲ್ಲಿ ಏನೂ ನಂಬರ್ ಗಿಂಬರ್ ಇಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಂಬರಿನ ಮಾತನ್ನು ಅವಳು ಎತ್ತಿಯೇ ಇರಲಿಲ್ಲ.

ರೂಪಾ ಎದ್ದು ಬಂದಳು. ಅವನ ಕೈಯಿಂದ ಸಿಲಿಂಡರು ಕಸಿದುಕೊಂಡು ಕಿಟಕಿಯ ಬೆಳಕಿಗೆ ಹೋಗಿ, ಕಪ್ಪು ಕನ್ನಡಕ ತೆಗೆದು, ಉಳಿದ ಒಂದು ಕಣ್ಣನ್ನು ತಳಕ್ಕೆ ಹತ್ತಿರ ತಂದಳು. ಲ್ಯಾಬಿನಲ್ಲಿ ಬಗ್ಗುವ ಹಾಗೆಯೇ ಬಗ್ಗಿದಳು. ನಾನೂ ಹಿಂದೆ ಹೋಗಿ ನಿಂತೆ. ಕೆಂಪು ಬಣ್ಣದ ಕೆಳಗೆ ಲೋಹದಲ್ಲಿ ಸಣ್ಣಗೆ ಅಂಕಿಗಳನ್ನು ಕುಟ್ಟಿದ್ದರು. ಬರೀ ಕೆಂಪಿದ್ದಿದ್ದರೆ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಖಂಡೇನವಮಿಯ ದಿನ ನಾನು ತಿಕ್ಕಿದ ಬೂದಿ ಆ ಗೀರುಗಳೊಳಗೆ ಕುಳಿತು ಒಣಗಿತ್ತು. ಒಂದೊಂದು ಅಂಕಿಯೂ ಸ್ಲೇಟಿನ ಮೇಲೆ ಬರೆದಂತೆ ಬೆಳ್ಳಗೆ ಎದ್ದು ಕಾಣುತ್ತಿತ್ತು. ಅವನ ಹೆಬ್ಬೆರಳು ಮೊದಲನೆಯದನ್ನು ಮಾತ್ರ ಸ್ವಲ್ಪ ಮಸುಕು ಮಾಡಿತ್ತು.

ಅವಳು ಅಂಕಿ ಓದಿದಳು. ಅಳಿಯ ಫೋನಿನಲ್ಲಿ ಕಂಪನಿಯ ಪ್ರಕಟಣೆ ತೆಗೆದು ಹೊಂದಿಸಿ ನೋಡಿದ. ಇನ್ನೊಮ್ಮೆ ಓದು ಅಂದ. ಅವಳು ಇನ್ನೊಮ್ಮೆ ಓದಿದಳು. ಅವನ ಮುಖ ಇಳಿಯಿತು.

"ಅದಾ," ಎಂದ. "ವಾಪಸ್ ತಗೊಳ್ಳೋ ನಂಬರಿನ್ಯಾಗೇ ಅದಾ."

ರೂಪಾ ಸಿಲಿಂಡರನ್ನು ಎದೆಗೆ ಒತ್ತಿ ಹಿಡಿದು ನನ್ನ ಕಡೆ ತಿರುಗಿದಳು. "ಹಾಂಗಾದ್ರ ಯಾರ್ ಒತ್ತಿದ್ರೂ ಒಡೀತಿತ್ತೇನವ್ವಾ?"

"ದೇವ್ರು ಒತ್ತಿದ್ರೂ ಒಡೀತಿತ್ತು," ಅಂದೆ. ನನ್ನ ಬಾಯಿ ಮರಳಿ ಬಂದಿತ್ತು. ಧರ್ಮಣ್ಣನ ಕಡೆ ತಿರುಗಿದೆ. "ನಿನಗ ಪತ್ರ ಬಂದಿತ್ತಿಲ್ಲೋ? ಜುಲೈದಾಗ?" ಇಪ್ಪತ್ತೆಂಟು ವರ್ಷ ಅವನಿಗೆ 'ನೀವು' ಅಂದವಳು ನಾನು. ಅದು ಅವತ್ತಿಗೆ ಮುಗಿಯಿತು.

ಅವನು ಬೆವರು ಒರೆಸಿಕೊಂಡ. "ಬಂದಿತ್ತು ಅಕ್ಕಾರ. ಸುಳ್ಳ್ ಯಾಕ ಹೇಳ್ಲಿ? ನಂಬರ್ ತಳದಾಗೂ ಇರ್ತದ ಅಂತ ಅದರಾಗೇ ಬರದಿದ್ರು. ಅಂಗಡ್ಯಾಗ ಹನ್ನೊಂದು ಪೀಸ್ ಉಳದಿದ್ವು. ಕಂಪನೀಯವ್ರು ಇವತ್ತ್ ಒಯ್ತೀವಿ, ನಾಳಿ ಒಯ್ತೀವಿ ಅಂತ ಆಟಾ ಆಡಿಸಿದ್ರು. ನಾನೂ ಅಂಗಡಿ ನಡಸ್ಬೇಕಲ್ಲ? ಎಲ್ಲಾ ಒಡೀತಾವ ಅಂತೇನಿಲ್ಲ. ಎಲ್ಲಾರೂ ಮಾರ್ಯಾರ."

"ಹನ್ನೊಂದ್ರಾಗ ಒಂದು ನಮ್ಮನಿಗಿ ಬಂತು. ಉಳದ ಹತ್ತು ಯಾರಿಗಿ ಕೊಟ್ಟಿ?"

ಅವನು ಏಳಲು ಕುರ್ಚಿ ಹಿಂದೆ ಸರಿಸಿದ.

"ಯಾರಿಗಿ ಕೊಟ್ಟ್ಯೋ?"

"ಬ್ಯಾರೆ ಮಂದಿಗಿ ಕೊಡ್ಲಿಕ್ಕ ಬರ್ತಿದ್ದಿಲ್ಲ ಅಕ್ಕಾರ. ಅವ್ರು ಪಕ್ಕಾ ಬಿಲ್ ಕೇಳ್ತಾರ, ನಾಳಿ ಲಫಡಾ ಆಗ್ತದ," ಎಂದ. "ನಮ್ಮೋರಿಗೇ ಕೊಟ್ಟೀನಿ."

ನಮ್ಮವರಿಗೇ! ಚಹಾ ಕುಡಿಸಿ, ಅಕ್ಕಾರ ಅಂದು, ಆರಿಸಿ ಆರಿಸಿ ನಮ್ಮವರಿಗೇ. ನಾವು ಬಿಲ್ಲು ಕೇಳದವರು ಎಂಬ ಒಂದೇ ಕಾರಣಕ್ಕೆ. ಬೇಲಿಯೇ ಎದ್ದು ಹೊಲ ಮೇಯ್ದದ್ದನ್ನು ಕೇಳಿದ್ದೇನೆ, ಮೇಯ್ದು ಆಮೇಲೆ ದಾಳಿಂಬೆ ಹಿಡಿದು ಬಂದ ಬೇಲಿಯನ್ನು ಕಂಡದ್ದು ಅದೇ ಮೊದಲು. ಛೀ! ಅವನ ಅಂಗಡಿಯಲ್ಲಿ ನಾನು ಕುಡಿದ ಚಹಾವೆಲ್ಲ ಅವತ್ತು ಗಂಟಲಿಗೆ ಬಂದು ನಿಂತಿತು. ಅದರ ಹಿಂದೆಯೇ ಇನ್ನೊಂದು ನೆನಪಾಯಿತು.

"ರೇಣವ್ವ," ಅಂದೆ. "ರೇಣವ್ವನ ಮನ್ಯಾಗೂ ಅದೇ ಅದಾ. ನಾನೇ ಕಳಿಸಿದ್ದೆ."

ನಾನು ರೇಣವ್ವನಿಗೆ ಫೋನು ಹಚ್ಚಿದೆ. ಅವಳು ಎತ್ತಿದ ಕೂಡಲೇ, ಹೇಗಿದ್ದಿ ಏನು ಎನ್ನದೆ, ಅಡುಗೆಮನೆಯ ಕೆಂಪು ಸಿಲಿಂಡರಿನ ಹಿಡಿಕೆ ಮುಟ್ಟಬೇಡ, ಮಕ್ಕಳು ಮುಟ್ಟದಂತೆ ದೂರ ಇಡು, ಸ್ಟಿಕ್ಕರಿನ ನಂಬರು ಓದಿ ಹೇಳು ಎಂದೆ. ಅವಳು ಕನ್ನಡಕ ಹುಡುಕುತ್ತ, "ನೀನೇ ಅಲ್ಲೇನು ಚಲೋ ಅದಾ ಅಂದಿದ್ದಿ?" ಅಂದಳು. ಹೌದು, ನಾನೇ ಅಂದಿದ್ದೆ. ಹಾಗಂತ ಒಪ್ಪಿಕೊಂಡೆ. ಅವಳು ಓದಿದ ನಂಬರೂ ಆ ಪಟ್ಟಿಯೊಳಗೇ ಇತ್ತು.

ಇತ್ತ ರೂಪಾ ಬಾಗಿಲಿಗೆ ಚಿಲಕ ಹಾಕಿ ಧರ್ಮಣ್ಣನ ಎದುರು ಕುಳಿತಳು. ಕಪ್ಪು ಕನ್ನಡಕ ಮೇಜಿನ ಮೇಲೇ ಇತ್ತು. ಅವನು ಎಲ್ಲಿ ನೋಡಬೇಕೆಂದು ತಿಳಿಯದೆ ದಾಳಿಂಬೆಯ ಪೆಟ್ಟಿಗೆ ನೋಡುತ್ತಿದ್ದ.

"ಇಲ್ಲಿ ನೋಡ್ರಿ ಕಾಕಾ," ಎಂದಳು. "ನನ್ ಮುಖಾ ನೋಡ್ಕೋತ ಒಬ್ಬೊಬ್ರಿಗೂ ಫೋನ್ ಹಚ್ರಿ. ಸಿಲಿಂಡರ್ ಒಡೀತದ, ಮುಟ್ಟಬ್ಯಾಡ್ರಿ, ಯಾರಿಗೂ ಕೊಡಬ್ಯಾಡ್ರಿ, ನನಗೂ ಕೊಡಬ್ಯಾಡ್ರಿ ಅಂತ ಹೇಳ್ರಿ."

ಅವನು ಹಚ್ಚಿದ. ಮೊದಲ ಎರಡು ಫೋನಿನಲ್ಲಿ ಹಾರಿಕೆ ಮಾತಾಡಿದ, ಕಂಪನಿಯವರ ಸಣ್ಣದೊಂದು ಸೂಚನೆ ಬಂದಿದೆ ಎಂದೇನೋ ತೊದಲಿದ. ರೂಪಾ ಮತ್ತೆ ಹಚ್ಚಿಸಿದಳು. "ಒಬ್ರ ಕಣ್ಣ್ ಹೋಗ್ಯಾದ ಅಂತ ಹೇಳ್ರಿ." ಹೇಳಿದ. ಇಬ್ಬರು ಫೋನು ಎತ್ತಲಿಲ್ಲ, ಬಿದಕಿನ್‌ನಲ್ಲಿ ಕೆಲಸಕ್ಕಿರುವ ಒಬ್ಬಾತ ಅತ್ತ ಕಡೆಯಿಂದ ಅವನ ಜನ್ಮ ಜಾಲಾಡಿದ. ಅದನ್ನು ನಾವು ಮೂವರೂ ಸುಮ್ಮನೆ ಕುಳಿತು ಕೇಳಿದೆವು. ಎತ್ತದ ಇಬ್ಬರ ನಂಬರುಗಳನ್ನು ಅಳಿಯ ಬರೆದಿಟ್ಟುಕೊಂಡ.

ಹೊರಡುವಾಗ ಧರ್ಮಣ್ಣ ಆ ಸಹಿಯ ಕಾಗದಕ್ಕೆ ಕೈ ಚಾಚಿದ. ನಾನು ಅದರ ಮೇಲೆ ಕೈಯಿಟ್ಟೆ. "ಇದು ಇಲ್ಲೇ ಇರ್ಲಿ. ನಿರುಪಮಾಗ ತೋರಸ್ತೀನಿ. ನಿನ್ ಹಣ್ಣು ಒಯ್ಯಿ."

"ಅಕ್ಕಾರ, ಇಷ್ಟ್ ವರ್ಷದ್ದು ಸಂಬಂಧ..."

"ಉಪ್ಪು ತಿಂದವ ನೀರು ಕುಡೀಬೇಕು. ಹೋಗು," ಅಂದೆ. ಪೆಟ್ಟಿಗೆ ಹೊತ್ತುಕೊಂಡು ಮೆಟ್ಟಿಲಿಳಿದ. ಅವನು ಕೂತಿದ್ದ ಕುರ್ಚಿಯನ್ನು ನಾನು ಸಾಬೂನು ಹಾಕಿ ತೊಳೆದೆ. ಅಳಿಯ ನಕ್ಕರೆ ನಗಲಿ ಅಂದುಕೊಂಡೆ, ಅವನು ನಗಲಿಲ್ಲ.

ಸಿಲಿಂಡರಿನ ತಳದ ಫೋಟೋ ನಿರುಪಮಾಗೆ ಹೋಯಿತು. ಎರಡೇ ನಿಮಿಷದಲ್ಲಿ ಅವಳ ಫೋನು ಬಂತು. "ಆಂಟಿ! ತಳ ಒರೆಸ್ಬೇಡಿ ಹಾಂ! ಆ ಬೂದಿ ಹಾಗೇ ಇರ್ಲಿ!" ಎಂದು ಕಿರುಚಿದಳು. ನಡೆದದ್ದನ್ನೆಲ್ಲ ನಿಮ್ಮ ಮಾತಿನಲ್ಲೇ ಇವತ್ತೇ ಬರೆದಿಡಿ, ಆಯೋಗಕ್ಕೆ ಹೇಗೆ ಕೊಡುವುದೆಂದು ನಾನು ನೋಡಿಕೊಳ್ಳುತ್ತೇನೆ ಅಂದಳು.

ಅಳಿಯ ಮೇಜಿನ ಮುಂದೆ ಕಾಗದ, ಪೆನ್ನು ಹಿಡಿದು ಕುಳಿತ. ತಾರೀಖು ಬರೆದ. ಸಂಕ್ರಾಂತಿಯ ಮರುದಿನ, ಭಜಿ, ಎಣ್ಣೆಗೆ ಹತ್ತಿದ ಬೆಂಕಿ, ಎಳೆದ ಪಿನ್ನು, ಎಲ್ಲ ಬರೆದ. ಅಲ್ಲಿಗೆ ಪೆನ್ನು ನಿಂತಿತು. ಅವನು ತಲೆ ಎತ್ತಲಿಲ್ಲ. ಕಿವಿ ಕೆಂಪಾಗಿತ್ತು. ಮುಂದಿನ ಪ್ರಶ್ನೆ ಯಾವುದೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಕೇಳುವ ಧೈರ್ಯ ಅವನಿಗಿರಲಿಲ್ಲ.

ರೂಪಾ ಅವನ ಹಿಂದೆ ಬಂದು ನಿಂತು, ಬರೆದದ್ದನ್ನು ಒಂದೇ ಕಣ್ಣಿನಿಂದ ಮೊದಲಿಂದ ಕೊನೆಯವರೆಗೂ ಓದಿದಳು.

"ಬರೀರಿ," ಎಂದಳು. "ನಾ ಬರೋಬ್ಬರಿ ಒತ್ತಿದ್ದೆ."

ಅವನು ಬರೆದ.